ಬೋರ್‌ವೆಲ್ ನೀರಿನಲ್ಲಿ ಕಡಲಿನ ಪಾಠ

ಬಾಗೇಪಲ್ಲಿ ಕಡೆಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಇಂಗಾಲದ ಚಕ್ರ ಬಂದಾಗ ಕಡಲಿಗೇ ಜಾಸ್ತಿ ಹೊತ್ತು ಕೊಡುತ್ತೇನೆ. ಗಾಳಿಯಲ್ಲಿರುವುದರ ಸುಮಾರು 50 ಪಟ್ಟು ಇಂಗಾಲ ಅಲ್ಲಿದೆ, ಬಿಡೋಕಾಗುತ್ತಾ? ಕಡಲು ದೂರ ನಿಜ, ಆದರೆ ಅದರ ರಸಾಯನಶಾಸ್ತ್ರ ನಮ್ಮ ಬೋರ್ ನೀರಲ್ಲೇ ಇದೆ.

ಎರಡು ಗಾಜಿನ ಲೋಟ ಇಡುತ್ತೇನೆ. ಒಂದರಲ್ಲಿ ಊರಿನ ಶುದ್ಧ ನೀರಿನ ಘಟಕದ ನೀರು, ಇನ್ನೊಂದರಲ್ಲಿ ಬೋರ್ ನೀರು. ಎರಡಕ್ಕೂ ಬ್ರೋಮೋಥೈಮಾಲ್ ಬ್ಲೂ ಹನಿ. ಇದು ಆಮ್ಲದಲ್ಲಿ ಹಳದಿ, ಕ್ಷಾರದಲ್ಲಿ ನೀಲಿ, ನಡುವೆ ಹಸಿರು ತೋರಿಸುವ ಬಣ್ಣ. ಘಟಕದ ನೀರು ನೀಲಿಯಾಗಲು ಒಂದು ಹನಿ ಸುಣ್ಣದ ತಿಳಿ ಬೇಕು. ಮಕ್ಕಳು ಸ್ಟ್ರಾದಲ್ಲಿ ಊದುತ್ತಾರೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಕರಗಿ ನೀರು ಆಮ್ಲದ ಕಡೆಗೆ ಹೋಗುತ್ತದೆ. ಘಟಕದ ನೀರು ಬೇಗ ಹಳದಿಯಾಗುತ್ತದೆ. ಬೋರ್ ನೀರು ಹಸಿರಿಗೆ ಬಂದು ನಿಂತುಬಿಡುತ್ತದೆ. "ಎಷ್ಟು ಊದಿದ್ರೂ ಹಳದಿ ಆಗ್ತಿಲ್ಲ ಸಾರ್!" ಕಲ್ಲಿನಿಂದ ಕರಗಿ ಬಂದ ಬೈಕಾರ್ಬೊನೇಟ್ ಆ ಆಮ್ಲವನ್ನು ತಡೆದು ನಿಲ್ಲಿಸಿರುತ್ತದೆ. ಕಡಲಲ್ಲಿ ಕರಗಿರುವ ಅಜೈವಿಕ ಇಂಗಾಲದ ನೂರಕ್ಕೆ ಸುಮಾರು 90 ಭಾಗ ಇದೇ ರೂಪದ್ದು. ಹಾಗಂತ ತಡೆಯುವ ಶಕ್ತಿಗೂ ಮಿತಿ ಇದೆ. ನಾವು ಬಿಡುವ ಕಾರ್ಬನ್ ಡೈಆಕ್ಸೈಡಿನ ಸುಮಾರು ಕಾಲುಭಾಗ ಕುಡಿದು ಕುಡಿದು ಕಡಲ ಮೇಲ್ಮೈಯ ಪಿಎಚ್ (ಆಮ್ಲತೆಯ ಅಳತೆ, ಇಳಿದಷ್ಟೂ ಆಮ್ಲತೆ ಹೆಚ್ಚು) 8.2ರಿಂದ 8.1ಕ್ಕೆ ಇಳಿದಿದೆ. ಸಣ್ಣ ಅಂಕಿ ಅನಿಸಬಹುದು. ಆಮ್ಲತೆಗೆ ಕಾರಣವಾದ ಹೈಡ್ರೋಜನ್ ಅಯಾನು ಮಾತ್ರ ಸುಮಾರು ಕಾಲುಭಾಗ ಹೆಚ್ಚಿತು ಅಂತ ಅರ್ಥ.

ಆಮೇಲೆ ಜೀವಿಗಳ ಕೆಲಸ. ಹಳದಿಯಾದ ನೀರನ್ನು ಎರಡು ಬಾಟಲಿಗೆ ತುಂಬಿ, ಒಂದಕ್ಕೆ ಕೆರೆಯ ಹೈಡ್ರಿಲ್ಲಾ ಗಿಡ ಹಾಕಿ, ಎರಡನ್ನೂ ಬಿಸಿಲಿಗಿಡಿ. ಮುಚ್ಚಳ ಬಿಗಿಯಾಗಿರಲಿ. ಇಲ್ಲದಿದ್ದರೆ ಅನಿಲ ತಾನಾಗೇ ಹಾರಿಹೋಗಿ ಬಣ್ಣ ಬದಲಾಗುತ್ತದೆ, ಗಿಡದ ಕೆಲಸ ಯಾವುದು ಅಂತ ತಿಳಿಯುವುದಿಲ್ಲ. ಗಿಡ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಆ ಬಾಟಲಿ ಮತ್ತೆ ನೀಲಿಯತ್ತ ತಿರುಗುತ್ತದೆ. ಕಡಲಲ್ಲಿ ಈ ಕೆಲಸ ಕಣ್ಣಿಗೆ ಕಾಣದ ಸಸ್ಯಪ್ಲವಕಗಳದ್ದು. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಅವುಗಳದೇ. ಅವು ಸತ್ತರೆ ಬಹುಪಾಲನ್ನು ಬ್ಯಾಕ್ಟೀರಿಯಾಗಳು ಮೇಲೇ ತಿಂದು ಮತ್ತೆ ಅನಿಲ ಮಾಡುತ್ತವೆ. ಆಳಕ್ಕಿಳಿದ ಸ್ವಲ್ಪ ಮಾತ್ರ ನೂರಾರು ವರ್ಷ ಅಲ್ಲೇ ಉಳಿಯುತ್ತದೆ.

ನನಗೆ ತುಂಬಾ ಮುಖ್ಯ ಅನಿಸುವುದು ಕೊನೆಯದು. ಬೋರ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ವಾ? ಆ ಬೈಕಾರ್ಬೊನೇಟಿನ ಇಂಗಾಲದಲ್ಲಿ ಅರ್ಧ ಪದರವಾಯಿತು, ಅರ್ಧ ಕಾರ್ಬನ್ ಡೈಆಕ್ಸೈಡ್ ಆಗಿ ಹೋಯಿತು. ಕಡಲ ಜೀವಿ ಚಿಪ್ಪು ಕಟ್ಟಿದಾಗಲೂ ಹೀಗೇ ಅನಿಲ ಬಿಡುಗಡೆಯಾಗುತ್ತದೆ. ಚಿಪ್ಪು ಅಂದರೆ ಬರೀ ಇಂಗಾಲದ ಉಳಿತಾಯ ಅಂತ ಮಕ್ಕಳು ತಿಳಿದಿರುತ್ತಾರೆ.

"ಹಾಗಾದ್ರೆ ಚಿಪ್ಪಿನಿಂದ ನಷ್ಟಾನಾ ಸಾರ್?" ಅಂತ ಕೇಳುತ್ತಾರೆ. ಹಾಗೂ ಹೇಳೋಕಾಗಲ್ಲ. ಚಿಪ್ಪಿನ ಸುಣ್ಣದ ಭಾರಕ್ಕೆ ಸತ್ತ ಜೀವಿಗಳ ಚೂರುಗಳು ಬೇಗ ಆಳ ಸೇರುತ್ತವೆ. ಎರಡನ್ನೂ ಬೋರ್ಡಿನ ಮೇಲೆ ಬರೆದೇ ಮುಂದಕ್ಕೆ ಹೋಗುತ್ತೇನೆ.