ಕ್ರೆಡಿಟ್ ಕಾರ್ಡ್ ಮುಚ್ಚುವಾಗ ಕತ್ತರಿ ಕೊನೆಗಿರಲಿ

ಹುಬ್ಬಳ್ಳಿಯಲ್ಲಿರುವ ನಮ್ಮ ಭಾವ ಕ್ರೆಡಿಟ್ ಕಾರ್ಡಿನ ಸಹವಾಸವೇ ಬೇಡವೆಂದು ಒಂದು ದಿನ ಬಾಕಿಯೆಲ್ಲ ಕಟ್ಟಿ, ಕಾರ್ಡನ್ನು ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು. ಕಾರ್ಡ್ ಹೋಯಿತು, ಖಾತೆ ಉಳಿಯಿತು. ಕೆಲವು ತಿಂಗಳ ಮೇಲೆ ವಾರ್ಷಿಕ ಶುಲ್ಕ 500, ಅದಕ್ಕೆ ಜಿಎಸ್‌ಟಿ 90, ಒಟ್ಟು 590 ರೂಪಾಯಿಯ ಬಿಲ್ ಬಂತು. ಎಸ್‌ಎಂಎಸ್ ಹೋಗುತ್ತಿದ್ದುದು ಅವರು ಎಂದೋ ಬಿಟ್ಟಿದ್ದ ಹಳೇ ನಂಬರಿಗೆ. ಬಡ್ಡಿ, ತಡಪಾವತಿ ಶುಲ್ಕ ಸೇರಿಕೊಳ್ಳುತ್ತಾ ಹೋಯಿತು. ಅದು ಗೊತ್ತಾದದ್ದು ಮನೆ ಸಾಲಕ್ಕೆ ಅರ್ಜಿ ಹಾಕಿದಾಗ. ಇಂಥದ್ದೇ ಪೇಚಾಟ ನಮ್ಮ ಬಳಗದಲ್ಲಿ ಇನ್ನೂ ಮೂರು ಮನೆಗಳಲ್ಲಿ ನೋಡಿದ್ದೇನೆ.

ಮೊದಲು, ಮುಚ್ಚುವುದು ಬೇಕೇ ಎಂದು ಲೆಕ್ಕ ಹಾಕಿ. ನಿಮ್ಮಲ್ಲಿ ಒಂದು ಲಕ್ಷ ಮತ್ತು 50 ಸಾವಿರ ಲಿಮಿಟ್ಟಿನ ಎರಡು ಕಾರ್ಡ್ ಇವೆ, ತಿಂಗಳ ಖರ್ಚು 30 ಸಾವಿರ ಎನ್ನಿ. ಈಗ ಒಟ್ಟು ಲಿಮಿಟ್ಟಿನಲ್ಲಿ ಶೇ 20 ಬಳಸುತ್ತಿದ್ದೀರಿ. ಲಕ್ಷದ ಕಾರ್ಡ್ ಮುಚ್ಚಿದರೆ ಅದೇ ಖರ್ಚು ಶೇ 60 ಆಗುತ್ತದೆ. ನೀವು ಒಂದು ರೂಪಾಯಿಯೂ ಹೆಚ್ಚು ಖರ್ಚು ಮಾಡಿಲ್ಲ, ಆದರೂ ಸಾಲ ಕೊಡುವವರು ನೋಡುವ ನಿಮ್ಮ ಕ್ರೆಡಿಟ್ ಸ್ಕೋರ್ ಇಳಿಯಬಹುದು. ಹಳೆಯ ಕಾರ್ಡಾದರೆ ನಿಮ್ಮ ಸಾಲದ ಚರಿತ್ರೆಯ ಸರಾಸರಿ ವಯಸ್ಸೂ ಕಾಲಕ್ರಮೇಣ ಕಡಿಮೆಯಾಗುತ್ತದೆ. ಆದ್ದರಿಂದ ಎಲ್ಲಕ್ಕಿಂತ ಹಳೆಯ, ಶುಲ್ಕವಿಲ್ಲದ ಕಾರ್ಡನ್ನು ಮುಚ್ಚಲೇಬೇಡಿ. ಶುಲ್ಕವೇ ತಲೆನೋವಾದರೆ ಶುಲ್ಕವಿಲ್ಲದ ಕಾರ್ಡಿಗೆ ಬದಲಿಸಿಕೊಡಿ ಎಂದು ಅದೇ ಬ್ಯಾಂಕನ್ನು ಕೇಳಿ. ಮನೆ ಅಥವಾ ವಾಹನ ಸಾಲಕ್ಕೆ ಓಡಾಡುತ್ತಿದ್ದೀರಾದರೆ ಸಾಲದ ಹಣ ಕೈಸೇರುವವರೆಗೆ ಯಾವ ಕಾರ್ಡನ್ನೂ ಮುಟ್ಟಬೇಡಿ.

ಮುಚ್ಚುವುದೇ ಸರಿ ಎನ್ನಿಸಿತೆ? ರಿವಾರ್ಡ್ ಪಾಯಿಂಟ್ ಇದ್ದರೆ ಬಳಸಿಬಿಡಿ. ಮನೆಯವರ ಹೆಸರಿನ ಆಡ್-ಆನ್ ಕಾರ್ಡ್ ಇದ್ದರೆ ಇನ್ನು ಉಜ್ಜಬೇಡಿ ಎಂದು ಹೇಳಿ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಬಾಕಿಯನ್ನು ನಿಜಕ್ಕೂ ಸೊನ್ನೆ ಮಾಡುವುದು. ಬಿಲ್ಲಿನಲ್ಲಿ ಕಾಣುವ ಮೊತ್ತವೇ ಪೂರ್ತಿ ಬಾಕಿಯಲ್ಲ. ಬಿಲ್ ಆದ ಮೇಲೆ ಮಾಡಿದ ಖರೀದಿ ಇನ್ನೂ ಬಿಲ್ಲಿಗೆ ಸೇರಿರುವುದಿಲ್ಲ. ಫೋನು, ಫ್ರಿಜ್ಜು ಕಂತಿನಲ್ಲಿ ಕೊಂಡಿದ್ದರೆ ಉಳಿದ ಕಂತುಗಳನ್ನೆಲ್ಲ ಒಟ್ಟಿಗೆ ಚುಕ್ತಾ ಮಾಡಬೇಕು, ಅದಕ್ಕೆ ಶುಲ್ಕವೂ ಇರಬಹುದು.

ಹಿಂದಿನ ಬಿಲ್ಲನ್ನು ಅರ್ಧಂಬರ್ಧ ಕಟ್ಟಿದ್ದರಂತೂ ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತಿರುತ್ತದೆ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. 5ನೇ ತಾರೀಕಿನ ಬಿಲ್ಲಿನಲ್ಲಿ 30 ಸಾವಿರ ಬಾಕಿ ಇದೆ, ನೀವು 20ಕ್ಕೆ ಪೂರ್ತಿ ಕಟ್ಟಿದಿರಿ ಎಂದುಕೊಳ್ಳಿ. ನಡುವಿನ 15 ದಿನದ ಬಡ್ಡಿ ಸುಮಾರು 518 ರೂಪಾಯಿ, ಜಿಎಸ್‌ಟಿ 93, ಒಟ್ಟು 611. ಇದು ಕಾಣಿಸಿಕೊಳ್ಳುವುದು ಮುಂದಿನ ಬಿಲ್ಲಿನಲ್ಲಿ. ಅಷ್ಟರಲ್ಲಿ ನೀವು ‘ಎಲ್ಲ ತೀರಿಸಿದೆ’ ಎಂದು ಆ ಕಡೆ ನೋಡುವುದನ್ನೇ ಬಿಟ್ಟಿರುತ್ತೀರಿ.

ಆಟೊ ಡೆಬಿಟ್ ಇನ್ನೊಂದು ಬಲೆ. ಒಟಿಟಿ ಚಂದಾ, ವಿಮೆ ಕಂತು, ಕರೆಂಟ್ ಬಿಲ್, ಯಾವುದೆಲ್ಲ ಈ ಕಾರ್ಡಿಗೆ ಕಟ್ಟಿಕೊಂಡಿದೆ ಎಂದು ತಿಳಿಯಲು ಹಿಂದಿನ 12 ತಿಂಗಳ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಕೂರಿ. ವರ್ಷಕ್ಕೊಮ್ಮೆ ಕಡಿತವಾಗುವುದು ನೆನಪಿನಲ್ಲಿ ಇರುವುದೇ ಇಲ್ಲ. ಕಾರ್ಡ್ ಮುಚ್ಚಿ, ಪ್ರೀಮಿಯಂ ಹೋಗದೆ, ಪಾಲಿಸಿಯೇ ಲ್ಯಾಪ್ಸ್ ಆದರೆ ನಷ್ಟ ದೊಡ್ಡದು. ಅವನ್ನೆಲ್ಲ ಬೇರೆ ಕಡೆಗೆ ಬದಲಿಸಿ. ವಾಪಸ್ ಮಾಡಿದ ಸಾಮಾನಿನ ಹಣ ಈ ಕಾರ್ಡಿಗೇ ಬರಬೇಕಿದ್ದರೆ ಬರುವ ತನಕ ಕಾಯಿರಿ. ಇಷ್ಟಾದ ಮೇಲೆ ಕಾರ್ಡನ್ನು ಪೂರ್ತಿ ಒಂದು ಬಿಲ್ಲಿಂಗ್ ಅವಧಿ ಬಳಸದೆ ಬಿಡಿ. ಸೊನ್ನೆಯ ಸ್ಟೇಟ್‌ಮೆಂಟ್ ಒಂದು ಕೈಗೆ ಬರದೆ ಮುಂದಿನ ಹೆಜ್ಜೆ ಇಡಬೇಡಿ. ಆತುರದವರಿಗೆ ಇದು ಹಿಡಿಸುವುದಿಲ್ಲ, ಆದರೆ ನಾನು ಕಂಡ ಗೋಳೆಲ್ಲ ಇದನ್ನು ಹಾರಿಸಿದವರದ್ದೇ.

ಹಾಗೆಂದು ಬಾಕಿ ದೊಡ್ಡದಿರುವಾಗ ‘ಅರ್ಧ ಕಟ್ಟಿ, ಸೆಟಲ್ ಮಾಡಿಕೊಡುತ್ತೇವೆ’ ಎಂಬ ವಸೂಲಿಯವರ ಮಾತಿಗೆ ತಲೆಯಾಡಿಸಬೇಡಿ. ನಿಮ್ಮ ಸಾಲಗಳ ದಾಖಲೆಯಾದ ಕ್ರೆಡಿಟ್ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬೀಳುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ಓದುವುದು ಪೂರ್ತಿ ತೀರಿಸದವರು ಎಂದೇ.

ಅರ್ಜಿ ಕೊಡುವುದು ಸುಲಭ. ಆ್ಯಪ್, ವೆಬ್‌ಸೈಟ್, ಇಮೇಲ್, ಸಹಾಯವಾಣಿ, ಯಾವುದಾದರೂ ಸರಿ. ನಾನಂತೂ ಇಮೇಲ್ ಬಿಟ್ಟು ಬೇರೆ ದಾರಿ ಹಿಡಿಯುವುದಿಲ್ಲ, ಬರಹದ ಸಾಕ್ಷಿ ಉಳಿಯುತ್ತದೆ. ‘ಬ್ಲಾಕ್ ಮಾಡಿ’ ಎನ್ನಬೇಡಿ, ‘ಖಾತೆ ಮುಚ್ಚಿ’ ಎಂದೇ ಬರೆಯಿರಿ. ಬ್ಲಾಕ್ ಮಾಡಿದರೆ ಖಾತೆ ಜೀವಂತವಾಗಿಯೇ ಇರುತ್ತದೆ. ಅಂಚೆಯಲ್ಲೇ ಪತ್ರ ಕಳಿಸಿ ಎಂದು ಪಟ್ಟು ಹಿಡಿಯಲು ಬ್ಯಾಂಕಿಗೆ ಅಧಿಕಾರವಿಲ್ಲ. ಶುಲ್ಕ ಮನ್ನಾ ಮಾಡುತ್ತೇವೆ, ಲಿಮಿಟ್ ಏರಿಸುತ್ತೇವೆ ಎಂಬ ಫೋನ್ ಬಂದೇ ಬರುತ್ತದೆ. ಬೇಡವೆಂದು ತೀರ್ಮಾನಿಸಿದ್ದರೆ ಒಂದೇ ಮಾತಿನಲ್ಲಿ ಮುಗಿಸಿ.

ರಿಸರ್ವ್ ಬ್ಯಾಂಕಿನ ನಿಯಮ 2022ರ ಜುಲೈ 1ರಿಂದ ಜಾರಿಯಲ್ಲಿದೆ: ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಖಾತೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ದಂಡ ಕೊಡಬೇಕು. ಇಮೇಲಿನಲ್ಲಿ ಈ ನಿಯಮವನ್ನು ಒಂದು ಸಾಲಿನಲ್ಲಿ ನೆನಪಿಸಿ, ಕೆಲಸ ಚುರುಕಾಗುತ್ತದೆ. ಮುಚ್ಚಿದ ಸಂದೇಶದ ಜೊತೆ ಬಾಕಿ ಇಲ್ಲವೆಂಬ ಪತ್ರವನ್ನೂ ಕೇಳಿ ಇಟ್ಟುಕೊಳ್ಳಿ.

ಒಂದೂವರೆ ತಿಂಗಳಾದ ಮೇಲೆ ಕ್ರೆಡಿಟ್ ವರದಿ ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಈ ವರದಿ ತಯಾರಿಸುವ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಅವರವರ ವೆಬ್‌ಸೈಟಿನಿಂದಲೇ ತೆಗೆಯಿರಿ. ಸ್ಕೋರ್ ತೋರಿಸುತ್ತೇವೆ ಎನ್ನುವ ಹತ್ತೆಂಟು ಆ್ಯಪ್‌ಗಳಿಗೆ ನಂಬರ್ ಕೊಟ್ಟರೆ ಸಾಲ ಬೇಕೇ ಎಂಬ ಕರೆ ನಿಲ್ಲುವುದಿಲ್ಲ. ಬಾಕಿ ಸೊನ್ನೆ, ಮುಚ್ಚಿದ ದಿನಾಂಕ, ‘ಕ್ಲೋಸ್ಡ್’, ಮೂರೂ ಇರಬೇಕು. ತಪ್ಪಿದ್ದರೆ ಅಲ್ಲೇ ಆನ್‌ಲೈನಿನಲ್ಲಿ ತಕರಾರು ಹಾಕಿ, ಖರ್ಚಿಲ್ಲ. 30 ದಿನದಲ್ಲಿ ಬಗೆಹರಿಯದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಸ್ಕೋರ್ ರಿಪೇರಿ ಎಂದು ಸಾವಿರಗಟ್ಟಲೆ ಕೇಳುವವರು ಹೆಚ್ಚೆಂದರೆ ಇದೇ ತಕರಾರನ್ನು ಹಾಕುತ್ತಾರೆ. ನಿಜವಾದ ಬಾಕಿಯನ್ನು ಅಳಿಸಲು ಅವರಿಂದ ಆಗದು. ಬ್ಯಾಂಕಿಗೆ ದೂರು ಕೊಟ್ಟು ತಿಂಗಳಾದರೂ ಉತ್ತರವಿಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು.

ವರದಿಯಲ್ಲಿ ‘ಕ್ಲೋಸ್ಡ್’ ಕಂಡ ದಿನ ಕತ್ತರಿ ತೆಗೆಯಿರಿ. ಕಾರ್ಡಿನ ಚಿಪ್, ಹಿಂಬದಿಯ ಕಪ್ಪು ಪಟ್ಟಿ, ಎರಡೂ ತುಂಡಾಗುವಂತೆ ಕತ್ತರಿಸಿ.