ಕೊನೆಗೆ ಎರಡೇ ಆಯ್ಕೆ ಉಳಿದಾಗ

ಪರೀಕ್ಷೆಯ ಕ್ರಿಟಿಕಲ್ ರೀಸನಿಂಗ್‌ನಲ್ಲಿ (ಒಂದು ವಾದ ಕೊಟ್ಟು ಅದನ್ನು ತೂಗಿ ನೋಡಲು ಹೇಳುವ ಪ್ರಶ್ನೆಗಳು) ‘ಈ ವಾದದ ಹಿಂದಿರುವ ಊಹೆ (ಬಾಯಿಬಿಟ್ಟು ಹೇಳದೆ ನಿಜವೆಂದುಕೊಂಡ ಮಾತು) ಯಾವುದು’ ಅಂತ ಕೇಳಿದಾಗ ಎರಡು ಆಯ್ಕೆಗಳ ನಡುವೆ ಸಿಕ್ಕಿಬೀಳ್ತೀರಾ? ಆಯ್ಕೆಯನ್ನು ಉಲ್ಟಾ ಮಾಡಿ ಓದಿ.

ವಾದ ಹೀಗಿದೆ ಅಂದುಕೊಳ್ಳಿ: ಹೊಸ ಪ್ರಿಂಟರ್ ಬಂದ ಮೇಲೆ ಕಾಗದದ ಖರ್ಚು ಇಳಿಯಿತು, ಆದ್ದರಿಂದ ಉಳಿತಾಯಕ್ಕೆ ಪ್ರಿಂಟರ್ರೇ ಕಾರಣ.

ಮೊದಲ ಆಯ್ಕೆ: ‘ಆ ಸಮಯದಲ್ಲಿ ಪ್ರಿಂಟ್ ಕೆಲಸವೇನೂ ಕಡಿಮೆಯಾಗಿರಲಿಲ್ಲ.’ ಉಲ್ಟಾ ಮಾಡಿ: ಕೆಲಸವೇ ಕಡಿಮೆಯಾಗಿತ್ತು. ವಾದ ಕುಸಿದುಬಿತ್ತು ಅಲ್ವಾ? ಅದೇ ಉತ್ತರ.

ಎರಡನೆಯದು: ‘ಇದಕ್ಕಿಂತ ಒಳ್ಳೆಯ ಪ್ರಿಂಟರ್ ಇಲ್ಲ.’ ಇದೆ ಅಂತಲೇ ಇಟ್ಟುಕೊಳ್ಳಿ, ವಾದಕ್ಕೆ ಏನೂ ಆಗಲ್ಲ. ಬಿಟ್ಟುಬಿಡಿ.

ಆಯ್ಕೆಯಲ್ಲಿ ‘ಎಲ್ಲಾ’, ‘ಯಾವಾಗಲೂ’ ಕಂಡ ತಕ್ಷಣ ನಾನು ಸುಮ್ನೆ ಹೊಡೆದುಹಾಕ್ತಿದ್ದೆ. ತಪ್ಪು. ವಾದವನ್ನು ಬಲಪಡಿಸುವ ಪ್ರಶ್ನೆಗಳಲ್ಲಿ ಅಂಥ ಗಟ್ಟಿ ಮಾತೇ ಸರಿಯುತ್ತರ ಆಗಿರಬಹುದು.