ಬೇಲಿಯಾಚೆಯ ಕೈಗಳಿಂದ ನಾಯಿಯನ್ನು ಕಾಪಾಡುವುದು ಹೇಗೆ?

“ಏನೂ ಮಾಡುವುದಿಲ್ಲ, ಮುಟ್ಟು ಮಗ” ಎಂದು ಯಾರಾದರೂ ತಮ್ಮ ನಾಯಿಯ ಮುಂದೆ ಪರರ ಮಗುವನ್ನು ನಿಲ್ಲಿಸಿ ಹೇಳಿದಾಗಲೆಲ್ಲ ನನಗೆ ಕೊಡಗಿನ ಸುಂಟಿಕೊಪ್ಪದ ಕಡೆಯ ಒಂದು ತೋಟದ ನಾಯಿ ನೆನಪಾಗುತ್ತದೆ. ಕಾಫಿ ಒಣಗಿಸುವ ಕಣದ ಪಕ್ಕದ ಕಂಬಕ್ಕೆ ಅದನ್ನು ಹಗಲಿಡೀ ಕಟ್ಟಿರುತ್ತಿದ್ದರು. ಶಾಲೆ ಬಿಟ್ಟ ಹೊತ್ತಿಗೂ ತಾಯಂದಿರು ಕೆಲಸ ಮುಗಿಸಿ ತೋಟದ ಕಾರ್ಮಿಕರ ಸಾಲುಮನೆಗೆ, ಅಂದರೆ ಲೈನ್ ಮನೆಗೆ, ಮರಳುವ ಹೊತ್ತಿಗೂ ನಡುವಿನ ಒಂದು ಗಂಟೆ ಆ ನಾಯಿಗೆ ನರಕವಾಗಿತ್ತು. ಎಳೆ ಪೇರಳೆಕಾಯಿ ಎಸೆಯುವುದು, ಬಿದಿರ ಕೋಲಿನಿಂದ ತಿವಿಯುವುದು, ಸರಪಳಿ ಎಲ್ಲಿಯವರೆಗೆ ಬರುತ್ತದೆಂದು ಅಳೆದು ಅದರಾಚೆ ನಿಂತು ಕುಣಿಯುವುದು ನಡೆದೇ ಇತ್ತು. ಒಂದು ಶನಿವಾರ ಚೆಂಡು ಹೆಕ್ಕಲು ಮುಳ್ಳುತಂತಿಯಡಿ ನುಸುಳಿದ ಆರು ವರ್ಷದ ಹುಡುಗನ ಮುಂಗೈಗೆ ನಾಯಿ ಬಾಯಿ ಹಾಕಿತು. ಮೂರನೆಯ ದಿನ ಅದನ್ನು ಜೀಪಿನಲ್ಲಿ ಹಾಕಿಕೊಂಡು ಘಟ್ಟದ ಕೆಳಗೆಲ್ಲೋ ಬಿಟ್ಟು ಬಂದರು. ಸರಪಳಿ ಮಾತ್ರ ಬಹಳ ದಿನ ಕಂಬದಲ್ಲೇ ಇತ್ತು.

ಆ ನಾಯಿ ಕೆಟ್ಟದ್ದಾಗಿರಲಿಲ್ಲ, ಹುಡುಗನೂ ಕೆಟ್ಟವನಾಗಿರಲಿಲ್ಲ. ನೆರೆಯವರ ಸ್ವಭಾವವನ್ನು ನಾವು ತಿದ್ದಲಾರೆವು, ಪರರ ಮಕ್ಕಳ ಹಿಂದೆ ದಿನವಿಡೀ ತಿರುಗಲೂ ಆರೆವು. ನಮ್ಮ ನಾಯಿಗೆ ಕಚ್ಚುವ ಸಂದರ್ಭವೇ ಒದಗದಂತೆ ಅಂಗಳವನ್ನೂ ದಿನಚರಿಯನ್ನೂ ಹೊಂದಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಈ ಕ್ರಮದಲ್ಲಿ ಮಾಡಬೇಕು.

ಹಂತ 1: ಬೇಲಿ

ತೋಟದ ಮುಳ್ಳುತಂತಿ ದನವನ್ನು ತಡೆಯಬಲ್ಲುದೇ ಹೊರತು ನಾಯಿಯನ್ನಾಗಲಿ ಮಗುವನ್ನಾಗಲಿ ತಡೆಯುವುದಿಲ್ಲ. ಇಡೀ ತೋಟಕ್ಕೆ ಬೇಲಿ ಹಾಕಿಸುವ ಖರ್ಚಿಗೆ ಹೋಗದೆ, ಮನೆಯ ಹಿಂಬದಿಯಲ್ಲಿ, ಕಾಲುದಾರಿಗೆ ಕಾಣದ ಕಡೆ, ನಾಯಿ ಓಡಾಡುವಷ್ಟು ಜಾಗಕ್ಕೆ ಐದಡಿ ಎತ್ತರದ ಚೈನ್‌ಲಿಂಕ್ ಬಲೆ ಹಾಕಿಸಿದರೆ ಸಾಕು. ಬಲೆಯ ಬುಡವನ್ನು ಅರ್ಧ ಅಡಿ ಮಣ್ಣಿನೊಳಗೆ ಇಳಿಸಿ ಕಲ್ಲು ಜೋಡಿಸಬೇಕು, ಏಕೆಂದರೆ ನಮ್ಮ ಜೂನ್, ಜುಲೈ ಮಳೆಗೆ ಮಣ್ಣು ಸಡಿಲವಾದಾಗ ನಾಯಿ ಒಂದೇ ರಾತ್ರಿಯಲ್ಲಿ ಕೆರೆದು ಆಚೆ ದಾಟುತ್ತದೆ. ದಾರಿಯ ಪಕ್ಕದಲ್ಲೇ ಬಲೆ ಬರುವುದು ಅನಿವಾರ್ಯವಾದರೆ ಹೊರಗಡೆ ಮೂರಡಿ ಅಂತರ ಬಿಟ್ಟು ಇನ್ನೊಂದು ಬೇಲಿ ಇರಲಿ. ಬಲೆಯ ಕಣ್ಣಿನೊಳಗೆ ಬೆರಳು ತೂರಿಸಲು ಮಗುವಿಗೆ ಕೈ ಎಟುಕಬಾರದು. ಕಾಫಿ ನರ್ಸರಿಗೆ ಕಟ್ಟುವ ಹಸಿರು ನೆರಳುಬಲೆಯ ಹಳೆಯ ತುಂಡೊಂದು ಪ್ರತಿ ಮನೆಯಲ್ಲಿಯೂ ಬಿದ್ದಿರುತ್ತದೆ. ಅದನ್ನು ನಾಯಿಯ ಕಣ್ಣಿನ ಎತ್ತರಕ್ಕಿಂತ ಒಂದಡಿ ಮೇಲಿನವರೆಗೆ ಬಿಗಿದರೆ, ಹಾದಿಯಲ್ಲಿ ಹೋಗುವವರು ಕಾಣದೆ ನಾಯಿ ಬೊಗಳುವುದು ಕಡಿಮೆಯಾಗುತ್ತದೆ. ನಾಯಿ ಬೊಗಳದಿದ್ದರೆ ಕೆಣಕುವ ಮಕ್ಕಳಿಗೂ ಆಟದ ರುಚಿ ಹೋಗುತ್ತದೆ.

ಗೇಟಿಗೆ ಸ್ಪ್ರಿಂಗ್ ಚಿಲಕ ಬೇಡವೇ ಬೇಡ. ಅಂಗಡಿಯವರು ಅದನ್ನೇ ಹೊಗಳಿ ಕೊಡುತ್ತಾರೆ, ಆದರೆ ನಾಲ್ಕು ವರ್ಷದ ಮಗು ಅದನ್ನು ತೆಗೆಯುವುದನ್ನು ನಾನೇ ನೋಡಿದ್ದೇನೆ. ದಪ್ಪನೆಯ ಅಗಳಿ, ಅದಕ್ಕೊಂದು ಬೀಗ, ಅಷ್ಟೇ. “ನಾಯಿ ಇದೆ ಎಚ್ಚರಿಕೆ” ಎಂಬ ಫಲಕ ಹಾಕಿ ನೆಮ್ಮದಿಯಾಗಿ ಮಲಗುವವರಿಗೊಂದು ಮಾತು: ನಮ್ಮ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ, ತಮಿಳುನಾಡಿನಿಂದ ಬಂದ ಕುಟುಂಬಗಳೂ ಇವೆ, ಅಕ್ಷರವೇ ಕಲಿಯದ ಮಕ್ಕಳೂ ಇದ್ದಾರೆ. ಫಲಕ ಹಾಕುವುದಾದರೆ ನಾಯಿಯ ಮುಖದ ದೊಡ್ಡ ಚಿತ್ರ ಬರೆಸಿ.

ಕತ್ತಿಗೆ ವಿದ್ಯುತ್ ತಾಗಿಸುವ ಪಟ್ಟಿಯನ್ನು ಆನ್‌ಲೈನಿನಲ್ಲಿ ತರಿಸಿ “ಈಗ ಗಡಿ ದಾಟುವುದಿಲ್ಲ” ಎನ್ನುವವರಿದ್ದಾರೆ. ಮಗು ಹತ್ತಿರ ಬಂದಾಗಲೆಲ್ಲ ನೋವಾಗುವ ನಾಯಿ ಆ ನೋವನ್ನು ಮಗುವಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಅದನ್ನು ಕೊಳ್ಳಬೇಡಿ, ಕೊಂಡಿದ್ದರೆ ಎಸೆಯಿರಿ. ಹಗಲಿಡೀ ಕಟ್ಟಿಹಾಕುವುದೂ ಅಂಥದೇ ತಪ್ಪು: ಓಡಿಹೋಗಲು ದಾರಿಯಿಲ್ಲದ ನಾಯಿಗೆ ಹಲ್ಲೊಂದೇ ಉಳಿಯುತ್ತದೆ. ರಾತ್ರಿ ಮಾತ್ರ ಬಲೆಯೊಳಗೂ ಬಿಡದೆ ಮನೆಯೊಳಗೋ ಗಟ್ಟಿ ಗೂಡಿನಲ್ಲೋ ಮಲಗಿಸಿ, ಚಿರತೆಗೆ ಐದಡಿ ಬೇಲಿ ಲೆಕ್ಕಕ್ಕಿಲ್ಲ.

ಹಂತ 2: ಲಸಿಕೆ

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ವೈದ್ಯರು ಹೇಳಿದ ದಿನ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ. ಲಸಿಕೆಯ ಪುಸ್ತಕವನ್ನು ರೇಷನ್ ಕಾರ್ಡಿನ ಜೊತೆ ಇಡಿ.

ಹಂತ 3: ಮಗುವಿಗೂ ನಾಯಿಗೂ ಪರಿಚಯ

ಎಲ್ಲರೂ ಎಡವುವುದು ಇಲ್ಲಿ. ನಮ್ಮಲ್ಲಿ ನಡೆಯುವ ಕ್ರಮವೆಂದರೆ, ಹಿರಿಯರೊಬ್ಬರು ನಾಯಿಯ ಕತ್ತಿನ ಪಟ್ಟಿಯನ್ನು ಬಿಗಿಯಾಗಿ ಹಿಡಿಯುತ್ತಾರೆ, ಇನ್ನೊಬ್ಬರು ಅಳುವ ಮಗುವನ್ನು ಹಿಂದಿನಿಂದ ತಳ್ಳಿ ಅದರ ಕೈಯನ್ನು ನಾಯಿಯ ನೆತ್ತಿಗೆ ತಾಗಿಸುತ್ತಾರೆ, ಉಳಿದವರು ಸುತ್ತ ನಿಂತು ಫೋಟೊ ತೆಗೆಯುತ್ತಾರೆ. ನಾಯಿಯ ಕಡೆಯಿಂದ ನೋಡಿ: ಹಿಡಿದಿಟ್ಟಿದ್ದಾರೆ, ಸುತ್ತುವರಿದಿದ್ದಾರೆ, ತಲೆಯ ಮೇಲೆ ಪರಿಚಯವಿಲ್ಲದ ಕೈ ಇಳಿಯುತ್ತಿದೆ, ಕಿವಿಯ ಬಳಿ ಕಿರುಚಾಟ.

ಮೊದಲು ನಾಯಿಯ ಮುಖವನ್ನು ಓದಲು ಕಲಿಯಬೇಕು. ಎದುರಿಗೆ ತಿನಿಸಿಲ್ಲದಿದ್ದರೂ ಮೂಗು ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖವನ್ನು ಆಚೆ ತಿರುಗಿಸಿ ಕಣ್ಣನ್ನು ಮಾತ್ರ ಮಗುವಿನ ಕಡೆ ಇಟ್ಟು ಬಿಳಿಗುಡ್ಡೆ ತೋರಿಸುವುದು, ಮುಂಗಾಲೊಂದನ್ನು ಎತ್ತಿ ಹಿಡಿಯುವುದು, ಇವೆಲ್ಲ “ದೂರ ಹೋಗಿ” ಎಂಬ ಮರ್ಯಾದೆಯ ಮಾತುಗಳು. ಇದ್ದಕ್ಕಿದ್ದಂತೆ ಮೈಯೆಲ್ಲ ಕಲ್ಲಾಗಿ ನಿಂತರೆ ಮರ್ಯಾದೆಯ ಹಂತ ಮುಗಿಯಿತೆಂದು ತಿಳಿದು ತಕ್ಷಣ ಮಗುವನ್ನು ಹಿಂದಕ್ಕೆ ಕರೆಯಬೇಕು. ಬಾಲ ಆಡಿತೆಂದ ಮಾತ್ರಕ್ಕೆ ಸ್ನೇಹವೆಂದು ಭಾವಿಸಬಾರದು. ಸೊಂಟದಿಂದ ಬಾಲದವರೆಗೆ ಹಿಂಬದಿಯೇ ಬಳುಕಿದರೆ ಸಂತೋಷ, ಬಾಲ ಮಾತ್ರ ನೆಟ್ಟಗೆ ಮೇಲೆದ್ದು ಬಿರುಸಾಗಿ ಕಂಪಿಸಿದರೆ ಅದು ಬೇರೆಯೇ ಸಂಗತಿ. ನಾಯಿ ಗುರ್‌ಗುಟ್ಟಿದಾಗ ಹೊಡೆಯುವುದಂತೂ ದೊಡ್ಡ ಮೂರ್ಖತನ. ಗುರ್‌ಗುಟ್ಟಿದ್ದಕ್ಕೆ ಪೆಟ್ಟು ತಿಂದ ನಾಯಿ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ.

ಪರಿಚಯಕ್ಕೆ ನಾನು ಒಪ್ಪುವ ಕ್ರಮ ಹೀಗಿದೆ. ನಾಯಿ ಒಂದು ಸುತ್ತು ತಿರುಗಾಡಿ ದಣಿದು ಬಂದಿರಬೇಕು, ಹಸಿದಿರಬಾರದು. ಒಬ್ಬನೇ ಹಿರಿಯ, ಒಂದೇ ಮಗು. ಹಗ್ಗ ಕೈಯಲ್ಲಿರಲಿ, ಆದರೆ ಸಡಿಲವಾಗಿರಲಿ. ಗುಂಡಿ ಒತ್ತಿದರೆ ಉದ್ದವಾಗುವ ಬಗೆಯ ಹಗ್ಗ ಬೇಡ, ಅದು ಬೇಕಾದಾಗ ನಿಲ್ಲುವುದಿಲ್ಲ. ಮಗು ಐದಾರು ಅಡಿ ದೂರದಲ್ಲಿ ನಾಯಿಗೆ ಎದುರಾಗದೆ ಪಕ್ಕಕ್ಕೆ ತಿರುಗಿ ನಿಂತು, ಕಣ್ಣಿಗೆ ಕಣ್ಣು ಕೊಡದೆ, ಕೈಯನ್ನು ತೊಡೆಯ ಬದಿಗೆ ಇಳಿಬಿಟ್ಟುಕೊಂಡಿರಬೇಕು. ಈಗ ಕಾಯಬೇಕು. ಬರುವುದೋ ಬೇಡವೋ ಎಂಬುದನ್ನು ನಾಯಿ ತೀರ್ಮಾನಿಸಲಿ, ಬರಲಿಲ್ಲವಾದರೆ ಅಂದಿಗೆ ಅಲ್ಲಿಗೇ ಮುಗಿಯಿತು. ಬಂದು ಕೈ ಮೂಸಿದರೆ ಮಗು ಅಂಗೈಯಿಂದ ಎದೆಯ ಭಾಗವನ್ನೋ ಹೆಗಲನ್ನೋ ಮೂರು ಎಣಿಸುವವರೆಗೆ ಸವರಿ ಕೈ ಹಿಂದೆಗೆಯಬೇಕು. ನಾಯಿ ಇನ್ನೂ ಒತ್ತಿಕೊಂಡು ಬಂದರೆ ಮತ್ತೆ ಮೂರು ಎಣಿಕೆ. ಮೈ ಕೊಡವಿ ಆಚೆ ಹೋದರೆ ಬಿಟ್ಟುಬಿಡಬೇಕು. ನೆತ್ತಿ ಸವರುವುದು, ತಬ್ಬಿಕೊಳ್ಳುವುದು, ಮುಖಕ್ಕೆ ಮುಖ ತಾಗಿಸುವುದು ಯಾವ ನಾಯಿಯೊಂದಿಗೂ ಬೇಡ. ಉಣ್ಣುವಾಗ, ಮಲಗಿರುವಾಗ, ಮೂಳೆ ಕಡಿಯುವಾಗ, ಮರಿ ಹಾಕಿದಾಗ ಮಕ್ಕಳು ಹತ್ತಿರ ಸುಳಿಯಲೂ ಬಾರದು. ಆರು ವರ್ಷದೊಳಗಿನ ಪರರ ಮಕ್ಕಳಿಗೆ ನಾನು ಮುಟ್ಟಲು ಬಿಡುವುದೇ ಇಲ್ಲ, ಅದರಿಂದ ಯಾರಿಗೆ ಬೇಸರವಾದರೂ ಸರಿ.

ಮಕ್ಕಳಿಗೆ ಬೈದು ಓಡಿಸುವುದಕ್ಕಿಂತ ಒಂದು ಆಟ ಕಲಿಸುವುದು ಸುಲಭ. ಲೈನ್ ಮನೆಯ ಮಕ್ಕಳಿಗೆ ನಾನು ಕಲಿಸಿದ್ದು “ಸಿಲ್ವರ್ ಮರ” ಎಂಬ ಆಟ: ನಾಯಿ ಓಡಿಬಂದರೆ ಓಡಬಾರದು, ಕಿರುಚಬಾರದು, ಸಿಲ್ವರ್ ಓಕ್ ಮರದಂತೆ ನೆಟ್ಟಗೆ ನಿಂತು, ಕೈಗಳನ್ನು ಎದೆಗೆ ಕಟ್ಟಿಕೊಂಡು, ತಮ್ಮ ಪಾದವನ್ನೇ ನೋಡುತ್ತಾ ಮನಸ್ಸಿನಲ್ಲಿ ಇಪ್ಪತ್ತು ಎಣಿಸಬೇಕು. ಅಲುಗಾಡದ ಮರದಲ್ಲಿ ನಾಯಿಗೆ ಆಸಕ್ತಿಯಿಲ್ಲ. ವಾರದ ಬಳಿಕ ಒಬ್ಬ ಹುಡುಗಿ ಬೇಲಿಯಾಚೆಯಿಂದಲೇ, “ಆಂಟಿ, ನಾನು ನಿನ್ನೆ ಐವತ್ತರವರೆಗೆ ಮರ ಆಗಿದ್ದೆ” ಎಂದು ವರದಿ ಒಪ್ಪಿಸಿದಳು. ಸಂತೆಯ ದಿನ ಹಾಗೂ ಕಾಫಿ ಕೊಯ್ಲಿನ ಕಾಲದಲ್ಲಿ ಮಕ್ಕಳು ಒಂಟಿಯಾಗಿರುವುದು ಹೆಚ್ಚು. ಆ ದಿನಗಳಲ್ಲಿ ಆಟವನ್ನೂ ನೆಚ್ಚದೆ ನಾಯಿಯನ್ನು ಒಳಗೇ ಇರಿಸಿ. ನೆಂಟರು ಬಂದಾಗ ಹಾಕಲು ಬುಟ್ಟಿಯಂತಹ ಬಾಯಿಕುಕ್ಕೆಯನ್ನು ತಿನಿಸು ಕೊಟ್ಟು ಮೊದಲೇ ರೂಢಿ ಮಾಡಿಸಿಡಬಹುದು. ಬಾಯಿಯನ್ನು ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ಮಾತ್ರ ಬೇಡ. ಅದರಲ್ಲಿ ನಾಯಿ ನಾಲಗೆ ಚಾಚಿ ತೇಕಲಾರದೆ ಬಿಸಿಯೇರಿ ಸಾಯಬಹುದು.

ಹಂತ 4: ಆಚೆಯಿಂದ ಬರುವ ತಿನಿಸು ಮತ್ತು ವಿಷ

ಪಕ್ಕದಲ್ಲಿ ಹೋಂಸ್ಟೇ ಇದ್ದರೆ ಅತಿಥಿಗಳ ಪ್ರೀತಿಯೇ ಅಪಾಯ. ಮಡಿಕೇರಿಯಲ್ಲಿ ಕೊಂಡ ಹೋಂಮೇಡ್ ಚಾಕೊಲೇಟನ್ನು ನಾಯಿಗೂ ಒಂದು ತುಂಡು ಎಸೆಯುತ್ತಾರೆ, ಕಪ್ಪು ಚಾಕೊಲೇಟ್ ಆದಷ್ಟೂ ಅದರಲ್ಲಿನ ಥಿಯೋಬ್ರೊಮಿನ್ ನಾಯಿಯ ಹೃದಯಕ್ಕೆ ಕೇಡು. ಒಣದ್ರಾಕ್ಷಿ, ದ್ರಾಕ್ಷಿ ವೈನ್, ಪಂದಿ ಕರಿಯಲ್ಲಿ (ಹಂದಿಮಾಂಸದ ಸಾರಿನಲ್ಲಿ) ಬೆಂದ ಮೂಳೆ, ಈರುಳ್ಳಿ ಇವೂ ಆಗಬಾರದವು. ಹೋಂಸ್ಟೇ ನಡೆಸುವವರಿಗೆ ಈ ಪಟ್ಟಿಯನ್ನು ಬರೆದುಕೊಟ್ಟು ಊಟದ ಕೋಣೆಯಲ್ಲಿ ಅಂಟಿಸಲು ಕೇಳಿ.

ವಿಷದ ವಿಷಯದಲ್ಲಿ ನೆರೆಯವರು ಬೇಕೆಂದೇ ಹಾಕಿದ್ದಕ್ಕಿಂತ ಅಜಾಗ್ರತೆಯಿಂದ ಇಟ್ಟದ್ದೇ ಹೆಚ್ಚು. ಶನಿವಾರಸಂತೆಯ ಕಡೆ ಆಫ್ರಿಕನ್ ಬಸವನಹುಳುವಿನ ಕಾಟ ಬಂದ ಮೇಲೆ ತವುಡು ಬೆಲ್ಲದಲ್ಲಿ ಕಲಸಿದ ಮದ್ದನ್ನೋ ಮೆಟಾಲ್ಡಿಹೈಡ್ ಗುಳಿಗೆಯನ್ನೋ ಗಿಡದ ಬುಡದಲ್ಲಿ ಇಡುತ್ತಾರೆ. ಅದರ ವಾಸನೆ ಹುಳುವಿಗಿಂತ ನಾಯಿಗೆ ಹೆಚ್ಚು ಹಿತ. ತಿಂದರೆ ನಡುಕ ಹುಟ್ಟಿ ಮೈ ಕಾವೇರುತ್ತದೆ. ಕಾಡುಹಂದಿಗೆ ಒಡ್ಡಿದ ಉರುಳಿಗೂ ನಾಯಿಗಳೇ ಬೀಳುತ್ತವೆ. ಮಳೆಗಾಲಕ್ಕೆ ಮೊದಲೇ ಒಮ್ಮೆ ಹೋಗಿ, ದೂರಿನ ದನಿ ಇಲ್ಲದೆ, “ಅಣ್ಣಾ, ಹುಳದ ಮದ್ದು ಯಾವತ್ತು ಇಡ್ತೀರಿ? ಆ ವಾರ ನಮ್ಮ ನಾಯಿ ಹೊರಗೆ ಬಿಡುವುದಿಲ್ಲ” ಎಂದು ಕೇಳಿ. ಹಾಗೆ ಕೇಳಿದವರಿಗೆ ದಿನ ಹೇಳದ ನೆರೆಯವರನ್ನು ನಾನು ಕಂಡಿಲ್ಲ.

ನಾಯಿ ಜೊಲ್ಲು ಸುರಿಸಿ ನಡುಗುತ್ತಿದ್ದರೆ ಉಪ್ಪುನೀರು, ಎಣ್ಣೆ, ಹಾಲು ಹೊಯ್ಯುತ್ತಾ ಹೊತ್ತು ಕಳೆಯದೆ, ಮದ್ದಿನ ಪೊಟ್ಟಣ ಸಿಕ್ಕರೆ ಅದನ್ನೂ ಎತ್ತಿಕೊಂಡು ಪಶು ಆಸ್ಪತ್ರೆಗೆ ಹೊರಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಇಲಿಪಾಷಾಣ ತಿಂದ ನಾಯಿ ಮೂರು ನಾಲ್ಕು ದಿನ ಚೆನ್ನಾಗಿಯೇ ಕಾಣಿಸಿ ಆಮೇಲೆ ರಕ್ತಸ್ರಾವಕ್ಕೆ ಬೀಳುತ್ತದೆ. ಅದಕ್ಕೆ ವಿಟಮಿನ್ ಕೆ1 ಮದ್ದಿದೆ, ಆದ್ದರಿಂದ ಲಕ್ಷಣ ಕಾಣಿಸುವವರೆಗೆ ಕಾಯಬಾರದು.

ಹಂತ 5: ಮಾತಿಗೆ ಬಗ್ಗದ ನೆರೆಯವರು

ಕಲ್ಲೆಸೆದ, ಬೆದರಿಸಿದ ದಿನ, ಹೊತ್ತು, ಫೋಟೊಗಳನ್ನು ಒಂದೇ ಪುಸ್ತಕದಲ್ಲಿ ದಾಖಲಿಸಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ, ಇಂದು ಅದಕ್ಕೆ ಎರಡು ಕಾಫಿ ಬಂದರೆ ಹೆಚ್ಚು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ, ಅಂಗ ಊನ ಮಾಡುವ ಕೃತ್ಯಕ್ಕೆ ಐದು ವರ್ಷದವರೆಗೆ ಸೆರೆವಾಸ ಹೇಳುತ್ತದೆ. ಪೊಲೀಸ್ ಠಾಣೆಯಲ್ಲಿ ಸೆಕ್ಷನ್ ಸಂಖ್ಯೆಯನ್ನು ಬರೆದೇ ದೂರು ಕೊಡಿ. ಅದೇ ಸಂಹಿತೆಯ 291ನೇ ಸೆಕ್ಷನ್ ತನ್ನ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಸಾಕುವವರನ್ನೂ ಶಿಕ್ಷಿಸುತ್ತದೆ ಎಂಬುದನ್ನು ಠಾಣೆಗೆ ಹೋಗುವ ಮೊದಲೇ ತಿಳಿದಿರಬೇಕು.

ದೀಪಾವಳಿಯ ಪಟಾಕಿಗೂ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಹಾರಿಸುವ ಕೋವಿಯ ಸದ್ದಿಗೂ ಮೊದಲೇ, ಸಂಜೆಯೇ, ನಾಯಿಯನ್ನು ಒಳಕೋಣೆಗೆ ಸೇರಿಸಿ.

ಹಂತ 6: ಇಷ್ಟಾಗಿಯೂ ಕಚ್ಚಿದರೆ

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಪೂರ್ತಿ ಹದಿನೈದು ನಿಮಿಷ ತೊಳೆಯಬೇಕು. ನಮ್ಮಲ್ಲಿ ತಟ್ಟನೆ ಕೈ ಹೋಗುವ ಕಾಫಿಪುಡಿ, ಅರಿಶಿನ, ಸುಣ್ಣ ಯಾವುದನ್ನೂ ಮೆತ್ತಬಾರದು. ಉಗುರು ಪರಚಿದರೂ ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ (ಅದನ್ನು 0 ಎಂದು ಎಣಿಸಬೇಕು), ಆಮೇಲೆ 3, 7 ಮತ್ತು 28ನೇ ದಿನ.

ನಾಯಿಯನ್ನು ಹೊಡೆಯುವುದು, ದೂರ ಸಾಗಿಸುವುದು ಬೇಡ. ಅದನ್ನು ಬಲೆಯೊಳಗೆ ಕೂಡಿ ಲಸಿಕೆಯ ಪುಸ್ತಕವನ್ನು ವೈದ್ಯರಿಗೆ ತೋರಿಸಿ, ಹತ್ತು ದಿನ ಗಮನಿಸಬೇಕು. ಹತ್ತನೆಯ ದಿನವೂ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ಖಚಿತವಾಗುತ್ತದೆ, ಉಳಿದ ಚುಚ್ಚುಮದ್ದಿನ ಬಗ್ಗೆ ವೈದ್ಯರು ತೀರ್ಮಾನಿಸಬಹುದು. ಸುಂಟಿಕೊಪ್ಪದ ಆ ಹುಡುಗನ ತಾಯಿಗೆ ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ “ನಾಯಿ ಈಗ ಹೇಗಿದೆ?” ಎಂಬುದೇ ಆಗಿತ್ತು. ನಾಯಿ ಘಟ್ಟದ ಕೆಳಗಿತ್ತು. ಆಕೆ ದಿನಗೂಲಿ ಬಿಟ್ಟು, ಮಗನನ್ನು ಕರೆದುಕೊಂಡು, ಉಳಿದ ಪ್ರತಿ ಚುಚ್ಚುಮದ್ದಿಗೂ ಬಸ್ಸು ಹತ್ತಿದಳು.